ಇಲಿ ಬದುಕಿತು, ಆದರೆ ಯಾವುದರಿಂದ?

ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು ಹೀಗೆ ಹಿಗ್ಗುವುದನ್ನು ಹಲವು ಸಲ ನೋಡಿದ್ದೇನೆ. ದುರ್ಬಲಗೊಳಿಸಿದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಲಸಿಕೆಯಾಗಿ ಇಲಿಗಳಿಗೆ ಚುಚ್ಚುತ್ತಾರೆ, ಎರಡು ವಾರದ ನಂತರ ಉಗ್ರ ತಳಿಯನ್ನು ಕೊಡುತ್ತಾರೆ. ಲಸಿಕೆ ಸಿಗದವು ಸಾಯುತ್ತವೆ, ಸಿಕ್ಕವು ಬದುಕುತ್ತವೆ. 'ರೋಗನಿರೋಧಕ ಸ್ಮರಣೆ ಮೂಡಿದೆ', ಅಂದರೆ ದೇಹ ಈ ರೋಗಾಣುವನ್ನು ನೆನಪಿಟ್ಟುಕೊಂಡಿದೆ ಎಂದು ವರದಿ ಸಿದ್ಧವಾಗುತ್ತದೆ. ಆಗ ನಾನು ಕೇಳುವುದಿಷ್ಟೆ: ಉಗ್ರ ತಳಿ ಕೊಟ್ಟ ದಿನ ಪ್ಲೀಹದಲ್ಲಿ (ಗುಲ್ಮದಲ್ಲಿ) ಲಸಿಕೆಯ ತಳಿ ಇನ್ನೂ ಉಳಿದಿತ್ತೇ?

ಸಾಮಾನ್ಯವಾಗಿ ಉಳಿದೇ ಇರುತ್ತದೆ. 1981ರಲ್ಲಿ ಹೋಯ್ಸೆತ್ ಮತ್ತು ಸ್ಟಾಕರ್ ವರದಿ ಮಾಡಿದ 'ಆರೋ-ಎ' ಜೀನ್ ಕೆಡಿಸಿದ ಸಾಲ್ಮೊನೆಲ್ಲಾ ತಳಿಯನ್ನೇ ನೋಡಿ. ಪಾರಾ-ಅಮೈನೊಬೆಂಜೊಯಿಕ್ ಆಮ್ಲದಂಥ ಅಣುಗಳನ್ನು ಅದು ತಯಾರಿಸಿಕೊಳ್ಳಲಾರದು, ಇಲಿಯ ಅಂಗಾಂಶದಲ್ಲಿ ಅವು ಬೇಕಾದಷ್ಟು ಸಿಗುವುದೂ ಇಲ್ಲ. ಹಸಿದ ಬ್ಯಾಕ್ಟೀರಿಯಾ ಹೆಚ್ಚು ಬೆಳೆಯುವುದಿಲ್ಲ, ಆದರೆ ತಕ್ಷಣ ಸಾಯುವುದೂ ಇಲ್ಲ. ವಾರಗಟ್ಟಲೆ ಪ್ಲೀಹದಲ್ಲಿ, ಯಕೃತ್ತಿನಲ್ಲಿ ಠಿಕಾಣಿ ಹೂಡುತ್ತದೆ. ಅಷ್ಟೂ ಕಾಲ ಇಂಟರ್‌ಫೆರಾನ್-ಗಾಮಾ ಎಂಬ ಸಂಕೇತ ಪ್ರೋಟೀನ್, ರೋಗಾಣುಗಳನ್ನು ನುಂಗುವ ಜೀವಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ಕೆರಳಿಸಿಟ್ಟಿರುತ್ತದೆ. ಕೆರಳಿದ ಮ್ಯಾಕ್ರೋಫೇಜ್ ಬಂದವರ ಗುರುತುಚೀಟಿ ಕೇಳುವುದಿಲ್ಲ. ಬಿಸಿಜಿ (ಕ್ಷಯದ ಲಸಿಕೆಯ ಬ್ಯಾಕ್ಟೀರಿಯಾ) ಅಥವಾ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ಸೋಂಕಿರುವ ಇಲಿ ಸಂಬಂಧವೇ ಇಲ್ಲದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆಂದು ವಿಜ್ಞಾನಿ ಜಾರ್ಜ್ ಮೆಕಾನೆಸ್ 1960ರ ದಶಕದಲ್ಲೇ ತೋರಿಸಿದ್ದರು.

ಹಾಗಾಗಿ ಎರಡು ವಾರಕ್ಕೆ ಕಂಡ ರಕ್ಷಣೆಯನ್ನು ಸ್ಮರಣೆಯ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸು ಬಾರದು. ಜೊತೆಗೆ ಲಸಿಕೆ ಹಾಕಿದ ಇನ್ನೊಂದು ಗುಂಪಿಗೆ ಲಿಸ್ಟೀರಿಯಾ ಕೊಟ್ಟು ನೋಡಿ. ಅದೂ ಬದುಕಿದರೆ ನೀವು ಅಳೆದದ್ದು ಮ್ಯಾಕ್ರೋಫೇಜ್‌ಗಳ ಸಿಟ್ಟನ್ನು.   

ಸೀರಂನಲ್ಲಿ (ರಕ್ತದ ತಿಳಿ ದ್ರವದಲ್ಲಿ) ಪ್ರತಿಕಾಯ ಏರಿದೆ ಎಂಬುದೂ ಸಾಕ್ಷ್ಯವಾಗಿ ಸಾಲದು. ಲಿಸ್ಟೀರಿಯಾ ಪ್ರಯೋಗದಲ್ಲಿ ಇನ್ನೊಂದು ಇಲಿಗೆ ಸೀರಂ ವರ್ಗಾಯಿಸಿದರೆ ರಕ್ಷಣೆ ದಾಟುವುದಿಲ್ಲ, ಲಿಂಫೋಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣಗಳನ್ನು) ವರ್ಗಾಯಿಸಿದರೆ ದಾಟುತ್ತದೆ. ಸಾಲ್ಮೊನೆಲ್ಲಾದಲ್ಲಿ ಸುಲಭವಾಗಿ ಸೋಂಕಿಗೆ ಬಲಿಯಾಗುವ ಇಲಿಗಳಿಗೆ ಎರಡೂ ಬೇಕಾಗುತ್ತವೆ.

ಹಾಗಾದರೆ ಲಸಿಕೆಯ ತಳಿ ಪೂರ್ತಿ ಹೋಗಲು ಎಷ್ಟು ವಾರ ಕಾಯಬೇಕು? ಇಲಿಯ ತಳಿಯೂ ಇದರಲ್ಲಿ ಕೈಯಾಡಿಸುತ್ತದೆ. ಬಾಲ್ಬ್-ಸಿ ಇಲಿಯಲ್ಲಿ ಮ್ಯಾಕ್ರೋಫೇಜ್‌ನೊಳಗಿನ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುವ ಒಂದು ಜೀನ್ ಕೆಟ್ಟಿದೆ, 129 ತಳಿಯಲ್ಲಿ ಅದು ಸರಿಯಿದೆ. ಕ್ಯಾಲೆಂಡರ್ ನೋಡುವ ಬದಲು ಪ್ರತಿ ವಾರ ಎರಡು ಮೂರು ಇಲಿಗಳ ಪ್ಲೀಹ ಅರೆದು, ಅಗಾರ್ ತಟ್ಟೆಯ ಮೇಲೆ ಹರಡಿ, ಮರುದಿನ ಕಾಲೊನಿ ಎಣಿಸಿ. ತಟ್ಟೆ ಖಾಲಿಯಾದ ಮೇಲೆ ಉಗ್ರ ತಳಿಯ ಸೀಸೆಯನ್ನು ಫ್ರೀಜರ್‌ನಿಂದ ತೆಗೆಯಿರಿ.