ಪಕ್ಕದ ತುಂಡೇ ಬಣ್ಣ ಬೆಳಗಿಸುತ್ತದೆ

ಆರ್ಟ್ ಕ್ವಿಲ್ಟ್ (ಬಟ್ಟೆಯ ತುಂಡು ಜೋಡಿಸಿ, ಪದರಗಳಾಗಿ ಹೊಲಿದು ಗೋಡೆಗೆ ನೇತುಹಾಕುವ ಕಲಾಕೃತಿ) ಕಲಿಯಲು ಬರುವವರು ತಮ್ಮ ಹತ್ತಿರ ಇರುವ ಅತಿ ಕಡುಬಣ್ಣದ ಬಟ್ಟೆಗಳನ್ನೇ ಆರಿಸಿ ತರುತ್ತಾರೆ. ಕೆಂಪು, ಕಿತ್ತಳೆ, ಗುಲಾಬಿ, ಗಿಳಿಹಸಿರು. ಎಲ್ಲವನ್ನೂ ಜೋಡಿಸಿ ದೂರ ನಿಂತು ನೋಡಿದರೆ ಯಾಕೋ ಮಂಕು. ಬಟ್ಟೆಯಲ್ಲಿ ದೋಷವಿಲ್ಲ. ಬಣ್ಣ ಬೇರೆಬೇರೆಯಾದರೂ ಅವುಗಳ ಗಾಢತೆ ಹೆಚ್ಚುಕಮ್ಮಿ ಒಂದೇ, ಅದೇ ತೊಂದರೆ.

ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ಕಪ್ಪು ಸರಿಯಾಗಿಯೇ ಇತ್ತು. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲುಗಳು ಅದನ್ನು ಮಂಕಾಗಿ ಕಾಣಿಸುತ್ತಿದ್ದವು. 1839ರಲ್ಲಿ ಅವರು ಇದೇ ವಿಷಯದ ಮೇಲೆ ದೊಡ್ಡ ಪುಸ್ತಕ ಬರೆದರು. ನಮ್ಮ ಕೆಲಸಕ್ಕೆ ಅದಕ್ಕಿಂತ ದೊಡ್ಡ ಪಾಠ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಕತ್ತರಿಸುವ ಮೊದಲು ಬಟ್ಟೆಗಳನ್ನು ಸಾಲಾಗಿ ಹರಡಿ, ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗಿದರೆ ತೀರಾ ತಿಳಿಯಾದದ್ದನ್ನೂ ತೀರಾ ಗಾಢವಾದದ್ದನ್ನೂ ಸೇರಿಸಿ. ಕಾಲು ಭಾಗದಷ್ಟಾದರೂ ಬೂದು, ಮಣ್ಣಿನ ಬಣ್ಣ, ಮಾಸಿದ ನೀಲಿಯಂಥ ಮಂದ ಬಣ್ಣದ ಬಟ್ಟೆ ಇರಲಿ ಎನ್ನುತ್ತೇನೆ. ಕಿತ್ತಳೆ ಉರಿಯುವುದು ಅವುಗಳ ನಡುವೆಯೇ.

ಕಡುಕೆಂಪು ಬಟ್ಟೆಯನ್ನು ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಮೊದಲೇ ತೊಳೆಯಿರಿ.

ಆಕಾರಕ್ಕೆ ಸ್ಕೇಲ್ ಬೇಡ. ಎರಡು ಬಟ್ಟೆಗಳನ್ನು ಸರಿಯಾದ ಮುಖ ಮೇಲೆ ಬರುವಂತೆ ಒಂದರ ಮೇಲೊಂದು ಇಟ್ಟು, ರೋಟರಿ ಕಟರ್‌ನಿಂದ (ಉರುಳುವ ದುಂಡು ಅಲಗಿನ ಕಟರ್) ಮೆಲ್ಲನೆ ಬಾಗಿದ ಒಂದೇ ಗೆರೆಯಲ್ಲಿ ಎರಡನ್ನೂ ಕತ್ತರಿಸಿ. ಇದರ ಎಡಭಾಗಕ್ಕೆ ಅದರ ಬಲಭಾಗ ಜೋಡಿಸಿ. ಬಾಗು ತಾನಾಗಿ ಹೊಂದುತ್ತದೆ. ಕಾಲಿಂಚು ಅಂಚು ಬಿಟ್ಟು ಹೊಲಿಯಿರಿ. ಈ ತುಂಡನ್ನು ಮತ್ತೆ ಕತ್ತರಿಸುವುದಿದೆ, ಆದ್ದರಿಂದ ಒಂದೊಂದು ಹೊಲಿಗೆಯ ಉದ್ದ 2 ಮಿ.ಮೀ. ಇದ್ದರೆ ಅಂಚು ಬಿಚ್ಚಿಕೊಳ್ಳುವುದಿಲ್ಲ. ಓರೆ ಕತ್ತರಿಸಿದ ಅಂಚು ಬೇಗ ಹಿಗ್ಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಎಳೆಯಬೇಡಿ, ಇಟ್ಟು ಒತ್ತಿ ಎತ್ತಿ.

ತುಂಡುಗಳನ್ನು ಮೇಜಿನ ಮೇಲೆ ಜೋಡಿಸುವುದು ನನಗೆ ಸರಿ ಕಾಣುವುದಿಲ್ಲ. ಗೋಡೆಗೆ ಫ್ಲಾನೆಲ್ ಬಟ್ಟೆ ಬಿಗಿದರೆ ಹತ್ತಿ ಬಟ್ಟೆಯ ತುಂಡು ಪಿನ್ನಿಲ್ಲದೆ ಅಂಟಿಕೊಳ್ಳುತ್ತದೆ. ದೂರ ಹೋಗಿ, ಕಣ್ಣು ಕಿರಿದಾಗಿಸಿ ನೋಡಿ. ಕಣ್ಣು ಒಂದೇ ಕಡೆ ಸಿಕ್ಕಿಕೊಂಡರೆ ಆ ತುಂಡು ತೆಗೆದುಬಿಡಿ, ಅದು ಎಷ್ಟೇ ಚೆನ್ನಾಗಿದ್ದರೂ ಸರಿ. ಇದು ಕಷ್ಟ, ಗೊತ್ತು.

ಮೇಲ್ಪದರ, ನಡುವಿನ ಹತ್ತಿ ಹಾಸು, ಅಸ್ತರು ಮೂರನ್ನೂ ಸೇಫ್ಟಿ ಪಿನ್‌ನಿಂದ ಹಿಡಿಸಿ, ನಡುವಿನಿಂದ ಹೊರಗೆ ಹೊಲಿಯುತ್ತಾ ಬನ್ನಿ. ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಹೊಲಿದರೆ ಕ್ವಿಲ್ಟ್ ಸೊಟ್ಟಗಾಗುತ್ತದೆ. ದಾರವೂ ಬಣ್ಣವೇ. ನೀಲಿಯ ಮೇಲೆ ಕಿತ್ತಳೆ ದಾರದ ನಾಲ್ಕು ಗೆರೆ ಎಳೆದು ನೋಡಿ, ಇಡೀ ಜಾಗ ಬೇರೆಯಾಗುತ್ತದೆ.

ಸುತ್ತ ಪಟ್ಟಿ ಕಟ್ಟಿದರೆ ಚೌಕಟ್ಟು ಹಾಕಿದಂತೆ ಕಾಣುತ್ತದೆ. ಅಮೂರ್ತ ಕೆಲಸಕ್ಕೆ ಪಟ್ಟಿಯನ್ನು ಪೂರ್ತಿ ಹಿಂದಕ್ಕೆ ಮಡಿಚಿ ಹೊಲಿಯುವುದೇ ಒಳ್ಳೆಯದು. ನೇತುಹಾಕುವಾಗ ನೇರ ಬಿಸಿಲು ಬೀಳದ ಗೋಡೆ ಆರಿಸಿ.