ಲೀಸ್ ಬೀಟ್‌ಗೆ ಆ ಚೌಕದಲ್ಲಿ ಟಿಕ್ ಹಾಕಬೇಡಿ

ಲೀಸ್ ಬೀಟ್ ಅಂದರೆ ದುಡ್ಡು ಕೊಟ್ಟು ಬಳಸಲು ಅನುಮತಿ ಪಡೆದ ಹಿನ್ನೆಲೆ ಸಂಗೀತ. ಅದರ ಮೇಲೆ ಮಾಡಿದ ಹಾಡನ್ನು ಸ್ಪಾಟಿಫೈ, ಯೂಟ್ಯೂಬ್‌ಗೆ ಏರಿಸುವಾಗ ಡಿಸ್ಟ್ರಿಬ್ಯೂಟರ್ (ಹಾಡನ್ನು ಅಲ್ಲಿಗೆಲ್ಲ ತಲುಪಿಸುವ ಕಂಪನಿ) ಫಾರ್ಮಿನಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ಯೂಟ್ಯೂಬ್ ಕಂಟೆಂಟ್ ಐಡಿ, ಅಂದರೆ ನಿಮ್ಮ ಆಡಿಯೊ ಇರುವ ವಿಡಿಯೊಗಳನ್ನು ಯೂಟ್ಯೂಬ್ ತಾನೇ ಹುಡುಕುವ ವ್ಯವಸ್ಥೆ, ಬೇಕಾ ಅಂತ ಕೇಳುತ್ತದೆ. ನಿಮ್ಮ ಹಾಡನ್ನು ಬೇರೆಯವರು ಬಳಸಿದರೆ ಅದರ ದುಡ್ಡು ನಿಮಗೆ ಅಂದಮೇಲೆ ಬೇಡ ಅನ್ನುವವರು ಯಾರು? ಟಿಕ್ ಬೀಳುತ್ತದೆ. ಅಲ್ಲಿಗೆ ಬೀಟ್ ಮಾಡಿಕೊಟ್ಟವರ ಫೋನಿಗೆ ಬಿಡುವಿರುವುದಿಲ್ಲ. ರಾಜಾಜಿನಗರದ ಹುಡುಗ ಹಾಕಿದ ಟಿಕ್ಕಿನಿಂದ ಅದೇ ಬೀಟ್ ತಗೊಂಡ ಮೈಸೂರಿನ ರ‍್ಯಾಪರ್‌ನ ವಿಡಿಯೊ ಮೇಲೆ ಕ್ಲೈಮ್ (ಈ ಸದ್ದು ನನ್ನದು ಅನ್ನುವ ಹಕ್ಕುಸಾಧನೆ) ಬಂದಿರುತ್ತದೆ. ಬೀಟ್ ಮಾಡಿದವನ ಸ್ವಂತ ಚಾನೆಲ್‌ನ ಮೂಲ ವಿಡಿಯೊಗೂ ಬಂದಿರುತ್ತದೆ.

ಕೇಳಿದರೆ ಉತ್ತರ ಯಾವಾಗಲೂ ಒಂದೇ: "ಬ್ರೋ, ದುಡ್ಡು ಕೊಟ್ಟು ತಗೊಂಡಿದೀನಲ್ಲ, ಬೀಟ್ ನಂದೇ ಅಲ್ವಾ?"

ಅಲ್ಲ. ಲೀಸ್‌ಗೆ ಕೊಟ್ಟದ್ದು ಅನುಮತಿ, ಒಡೆತನವಲ್ಲ. ಅದೇ ಬೀಟನ್ನು ಇನ್ನೂ ಹತ್ತು ಜನಕ್ಕೆ ಕೊಡಬಹುದು ಅನ್ನುವ ಕಾರಣಕ್ಕೇ ಅದು ನಿಮಗೆ ಕಡಿಮೆ ಬೆಲೆಗೆ ಸಿಕ್ಕಿದ್ದು. ನೀವು ಬರೆದ ಸಾಲು ನಿಮ್ಮದು, ಹಾಡಿದ ದನಿ ನಿಮ್ಮದು. ಅಡಿಯಲ್ಲಿರುವ ಡ್ರಮ್ಸ್, 808 (ಆಳದ ಬೇಸ್ ಸದ್ದು), ಮೆಲೊಡಿ ನಿಮ್ಮದಲ್ಲ. ಲೀಸ್ ಬೀಟ್ ಮೇಲೆ ಕಂಟೆಂಟ್ ಐಡಿ ಹಾಕುವುದು ಮದುವೆಗೆ ಬಾಡಿಗೆ ತಂದ ಪಾತ್ರೆ ಮೇಲೆ ನಿಮ್ಮ ಹೆಸರು ಕೆತ್ತಿಸಿದ ಹಾಗೆ.

ಇಷ್ಟು ಹೇಳಿದರೂ "ನನ್ನ ವಾಯ್ಸ್ ಇದೆಯಲ್ಲ, ಬೇರೆಯವರ ಹಾಡಿಗೆ ಹೇಗೆ ಮ್ಯಾಚ್ ಆಗುತ್ತೆ?" ಅನ್ನುತ್ತಾರೆ. ಹೇಗೆಂದರೆ, ನೀವು ಕೊಟ್ಟ ಫೈಲಿನಿಂದ ಯೂಟ್ಯೂಬ್ ಆಡಿಯೊದ ಬೆರಳಚ್ಚಿನಂಥದ್ದೊಂದು ಗುರುತು ತೆಗೆದಿಟ್ಟುಕೊಳ್ಳುತ್ತದೆ. ಹೊಸ ವಿಡಿಯೊ, ಹಳೇ ವಿಡಿಯೊ ಎರಡನ್ನೂ ಅದರೊಂದಿಗೆ ತಾಳೆ ನೋಡುತ್ತದೆ. ಯಾವ ಸದ್ದು ಯಾರದ್ದು ಅನ್ನುವುದು ಅದಕ್ಕೆ ಗೊತ್ತಿಲ್ಲ. ನಿಮ್ಮ ಹಾಡಿನ ಇಂಟ್ರೊದಲ್ಲಿ ಎಂಟು ಬಾರ್ (ಒಂದು ಬಾರ್ ಅಂದರೆ ತಾಳದ ನಾಲ್ಕು ಬಡಿತ) ಬರೀ ಬೀಟ್ ಇದೆ ಅನ್ನಿ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬಡಿತ) ಅದು ಸುಮಾರು 21 ಸೆಕೆಂಡು. ಅದೇ 21 ಸೆಕೆಂಡು ಮೈಸೂರಿನವನ ಹಾಡಿನಲ್ಲೂ ಹಾಗೇ ಇದೆ. ಮ್ಯಾಚ್ ಆಗದೆ ಇನ್ನೇನಾಗುತ್ತದೆ? ಹಾಗಾಗಿಯೇ ಕಂಟೆಂಟ್ ಐಡಿಗೆ ಕೊಡುವ ಆಡಿಯೊ ಮೇಲೆ ನಿಮ್ಮೊಬ್ಬರದೇ ಹಕ್ಕಿರಬೇಕು ಎಂದು ಯೂಟ್ಯೂಬ್ ನಿಯಮವೇ ಹೇಳುತ್ತದೆ. ಹಲವರಿಗೆ ಕೊಟ್ಟ ಬೀಟು, ಎಲ್ಲರಿಗೂ ಸಿಗುವ ಲೂಪು (ಮತ್ತೆ ಮತ್ತೆ ಸುತ್ತುವ ರೆಡಿಮೇಡ್ ತುಣುಕು) ಅದಕ್ಕೆ ಬರುವುದಿಲ್ಲ.

ಈಗಾಗಲೇ ಟಿಕ್ ಹಾಕಿದ್ದರೆ ಹಾಡು ಡಿಲೀಟ್ ಮಾಡಬೇಡಿ. ಡಿಸ್ಟ್ರಿಬ್ಯೂಟರ್ ಸಪೋರ್ಟ್‌ಗೆ ಹಾಡಿನ ಐಎಸ್‌ಆರ್‌ಸಿ ನಂಬರ್ (ಪ್ರತಿ ರೆಕಾರ್ಡಿಂಗಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟು, "ಬೀಟ್ ನಾನ್-ಎಕ್ಸ್‌ಕ್ಲೂಸಿವ್, ಕಂಟೆಂಟ್ ಐಡಿಯಿಂದ ತೆಗೆಯಿರಿ, ಬಿದ್ದಿರುವ ಕ್ಲೈಮ್‌ಗಳನ್ನು ಬಿಡುಗಡೆ ಮಾಡಿ" ಎಂದು ಮೇಲ್ ಹಾಕಿ. ಸಾಮಾನ್ಯವಾಗಿ ಹಾಡು ಉಳಿದೆಲ್ಲ ಕಡೆ ಹಾಗೇ ಇರುತ್ತದೆ. ಕ್ಲೈಮ್ ಬಿದ್ದವರು ಗಾಬರಿಯಾಗಿ ವಿಡಿಯೊ ತೆಗೆದುಬಿಡುತ್ತಾರೆ, ಅಷ್ಟೂ ವ್ಯೂಸ್ ಹೋಗುತ್ತದೆ. ಅದರ ಬದಲು ಲೈಸೆನ್ಸ್ ಇದೆ ಅನ್ನುವ ಆಯ್ಕೆ ಆರಿಸಿ ಡಿಸ್ಪ್ಯೂಟ್ (ಆಕ್ಷೇಪಣೆ) ಹಾಕಿ. ಕ್ಲೈಮ್ ಬಿದ್ದ 5 ದಿನದೊಳಗೆ ಹಾಕಿದರೆ, ಅದು ಬಿದ್ದ ಮೊದಲ ದಿನದಿಂದ ಬಂದ ಜಾಹೀರಾತಿನ ಹಣವನ್ನು ಯೂಟ್ಯೂಬ್ ಯಾರಿಗೂ ಕೊಡದೆ ಹಿಡಿದಿಡುತ್ತದೆ. ತಡ ಮಾಡಿದರೆ ಡಿಸ್ಪ್ಯೂಟ್ ಹಾಕಿದ ದಿನದಿಂದಷ್ಟೇ. ಉತ್ತರ ಕೊಡಲು ಎದುರಿನವರಿಗೆ 30 ದಿನ ಇರುತ್ತದೆ.

"ಹಾಗಾದ್ರೆ ಎಕ್ಸ್‌ಕ್ಲೂಸಿವ್ ತಗೋತೀನಿ ಬಿಡಿ" ಅನ್ನುವವರಿಗೂ, ಅಂದರೆ ಬೀಟ್ ಮೇಲಿನ ಹಕ್ಕನ್ನು ತಾವೊಬ್ಬರೇ ಕೊಳ್ಳುವವರಿಗೂ, ಒಂದು ಮಾತು. ನಿಮಗೆ ಮಾರುವ ಮೊದಲು ಅದೇ ಬೀಟ್ ನಾಲ್ಕು ಜನಕ್ಕೆ ಲೀಸ್ ಆಗಿದ್ದರೆ, ಆ ನಾಲ್ಕು ಲೀಸೂ ಅವುಗಳ ಅವಧಿ ಮುಗಿಯುವವರೆಗೆ ಜೀವಂತ. ಅದನ್ನು ಮುಚ್ಚಿಟ್ಟು ಮಾರುವವರೂ ನಮ್ಮಲ್ಲಿದ್ದಾರೆ, ಕೇಳಿ ಬರೆಸಿಕೊಳ್ಳಿ. ಮೆಲೊಡಿ ಸ್ವಂತ ನುಡಿಸಿದ್ದಾ, ಸ್ಯಾಂಪಲ್ ಪ್ಯಾಕ್‌ನ ಲೂಪಾ ಅಂತಲೂ ಕೇಳಿ. ಲೂಪ್ ಬಳಸುವುದು ತಪ್ಪಲ್ಲ. ಆದರೆ ಅದೇ ಲೂಪ್ ಇನ್ನೆಷ್ಟೋ ಹಾಡುಗಳಲ್ಲಿರುತ್ತದೆ, ಎಕ್ಸ್‌ಕ್ಲೂಸಿವ್ ಆದರೂ ಆ ಚೌಕಕ್ಕೆ ಟಿಕ್ ಹಾಕುವಂತಿಲ್ಲ.

ಆಮೇಲೆ ಕಾಗದ. ನಾನು ವಕೀಲನಲ್ಲ, ದೊಡ್ಡ ಮೊತ್ತವಾದರೆ ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ. ಆದರೆ 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮನ್ನು ಈ ಕಸುಬಿನವರೆಲ್ಲ ಒಂದು ಸಲ ಓದಬೇಕು. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಕೊಟ್ಟವರ ಸಹಿ ಬೇಕು. "ಫುಲ್ ರೈಟ್ಸ್ ನಿಂದೇ ಮಗಾ" ಅನ್ನುವ ವಾಟ್ಸ್ಆ್ಯಪ್ ವಾಯ್ಸ್ ನೋಟ್ ನೆಚ್ಚಿಕೊಂಡು ಕೂರಬೇಡಿ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ದುಬೈಯಲ್ಲಿ ಕೂತು ಕೇಳುವ ಕನ್ನಡಿಗರೂ ಲೆಕ್ಕಕ್ಕೆ ಬರಬೇಕಾದರೆ "ಜಗತ್ತಿನಾದ್ಯಂತ, ಕಾಪಿರೈಟ್ ಇರುವ ಪೂರ್ತಿ ಅವಧಿಗೆ" ಎಂದು ಬರೆಸಿ. ಜೊತೆಗೆ ಬೀಟ್ ಹೆಸರು, ಯಾವ್ಯಾವ ಹಕ್ಕು, ಎಷ್ಟು ಹಣ. ಒಂದು ಪುಟ ಸಾಕು.

ಇನ್ನು ಹಳೇ ಸಿನಿಮಾ ಹಾಡಿನ "ಐದೇ ಸೆಕೆಂಡ್" ಬೀಟಿಗೆ ಹಾಕಿ ಅಂತ ಕೇಳುವವರು. ಇವರ ಮೇಲೆ ನನಗೆ ಸಿಟ್ಟೂ ಇದೆ, ಪ್ರೀತಿಯೂ ಇದೆ, ಆ ಹಾಡುಗಳೇ ಹಾಗೆ. ಆದರೆ ಐದು ಸೆಕೆಂಡಿಗೆ ವಿನಾಯಿತಿ ಅನ್ನುವ ನಿಯಮ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಇಲ್ಲ. "ಅರವತ್ತು ವರ್ಷ ಆಯ್ತಲ್ಲ" ಅನ್ನುವುದೂ ಅರ್ಧ ಸತ್ಯ. ಹಾಡು ಹೊರಬಂದು 60 ವರ್ಷಕ್ಕೆ ಮುಗಿಯುವುದು ರೆಕಾರ್ಡಿಂಗ್ ಮೇಲಿನ ಹಕ್ಕು. ರಾಗಸಂಯೋಜನೆಯ ಹಕ್ಕು ಸಂಯೋಜಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಇಬ್ಬರು ಕೂಡಿ ಮಾಡಿದ್ದರೆ ಕೊನೆಗೆ ತೀರಿಕೊಂಡವರಿಂದ ಲೆಕ್ಕ. ರಾಜನ್–ನಾಗೇಂದ್ರರಲ್ಲಿ ನಾಗೇಂದ್ರ 2000ದಲ್ಲಿ, ರಾಜನ್ 2020ರಲ್ಲಿ ತೀರಿಕೊಂಡರು. ಅಂದರೆ ಇಬ್ಬರೂ ಸೇರಿ ಮಾಡಿದ ಟ್ಯೂನುಗಳು 2080ರ ಕೊನೆಯವರೆಗೆ ಹಕ್ಕಿನಡಿ ಇರುತ್ತವೆ. ಕೀಬೋರ್ಡಿನಲ್ಲಿ ಹೊಸದಾಗಿ ನುಡಿಸಿದರೂ, ಪಿಚ್ ಇಳಿಸಿ ತುಂಡರಿಸಿದರೂ ಟ್ಯೂನಿನ ಹಕ್ಕು ತಪ್ಪಿದ್ದಲ್ಲ.

ದುಡ್ಡು ಕೊಟ್ಟ ಮೇಲೆ ಫೈಲ್ ಸರಿಯಾಗಿ ಇಸಿದುಕೊಳ್ಳಿ. ಕಿಕ್, ಸ್ನೇರ್, ಹ್ಯಾಟ್, 808, ಮೆಲೊಡಿ ಬೇರೆಬೇರೆಯಾಗಿ ಸದ್ದು ಕುಗ್ಗಿಸದ 24 ಬಿಟ್ ವೇವ್‌ನಲ್ಲಿ, ಎಲ್ಲವೂ ಮೊದಲ ಬಾರ್‌ನಿಂದಲೇ ಶುರುವಾಗಿ ಒಂದೇ ಉದ್ದ ಇರಬೇಕು, ಮಾಸ್ಟರ್‌ನ ಲಿಮಿಟರ್ (ಸದ್ದು ಒಂದು ಮಟ್ಟ ಮೀರದಂತೆ ತಡೆಯುವುದು) ತೆಗೆದಿರಬೇಕು. ಎಂಪಿ3 ಮೇಲೆ ವಾಯ್ಸ್ ರೆಕಾರ್ಡ್ ಮಾಡಿ, ಮಿಕ್ಸ್ ಮಾಡುವವರಿಗೆ ವೇವ್ ಕೊಡಬೇಡಿ. ಎಂಪಿ3 ಮಾಡುವಾಗ ಶುರುವಿನಲ್ಲಿ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಅದು 25 ಮಿಲಿಸೆಕೆಂಡಿನಷ್ಟಾಗುತ್ತದೆ. ವೇವ್ ಮೇಲೆ ಕೂರಿಸಿದಾಗ ನಿಮ್ಮ ಸಾಲುಗಳೆಲ್ಲ ಸ್ನೇರ್‌ಗಿಂತ ಒಂದು ಚೂರು ಹಿಂದೆ ಬೀಳುತ್ತವೆ, ಆಗ ಬೈಗುಳ ತಿನ್ನುವುದು ಮಿಕ್ಸ್ ಎಂಜಿನಿಯರ್. ಫೈಲ್ ಹೆಸರಿನಲ್ಲೇ ಬಿಪಿಎಂ, ಸ್ಕೇಲ್, ಲೀಸೋ ಎಕ್ಸ್‌ಕ್ಲೂಸಿವೋ ಎಲ್ಲ ಬರೆದಿಡಿ. ರಿಲೀಸ್ ಆಗುವುದು ಇನ್ನಾರು ತಿಂಗಳಿಗೆ, ಅಷ್ಟರಲ್ಲಿ ಯಾವ ಬೀಟ್ ಯಾವ ಕರಾರಿನದ್ದು ಅನ್ನುವುದು ನಿಮಗೂ ನೆನಪಿರುವುದಿಲ್ಲ, ಮಾಡಿಕೊಟ್ಟವರಿಗೂ ನೆನಪಿರುವುದಿಲ್ಲ.