ನಾರು ಹಾಕಿಸಿದರಷ್ಟೇ ಸಾಲದು, ಬಿಡಿಸಿ ಬೆರೆಸಬೇಕು

'ಡಾಂಬರಿಗೆ ಸಿಂಥೆಟಿಕ್ ನಾರು ಹಾಕಿಸಿದ್ದೆವು, ಆದರೂ ರಸ್ತೆ ಬಿರುಕು ಬಿಟ್ಟಿದೆ' ಎನ್ನುವ ದೂರುಗಳಲ್ಲಿ ಡೋಸ್ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ಬೆರೆಸಿದ ರೀತಿಯಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಪ್ರಶ್ನೆ ಒಂದೇ: 'ಹಾಗಾದರೆ ಇನ್ನೊಂದಿಷ್ಟು ಹಾಕೋಣವೇ?' ದಯವಿಟ್ಟು ಬೇಡ.

ಅರಾಮಿಡ್ (ಬಿಸಿಗೆ ಕರಗದ ಗಟ್ಟಿ ನಾರು) ಮತ್ತು ಪಾಲಿಯೋಲೆಫಿನ್ (ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್) ಬೆರಕೆಯ ನಾರನ್ನು ಸಾಮಾನ್ಯವಾಗಿ ಟನ್ ಮಿಶ್ರಣಕ್ಕೆ ಅರ್ಧ ಕೆ.ಜಿ.ಯಷ್ಟು ಹಾಕುತ್ತಾರೆ. ಎಳೆಯ ಉದ್ದ 19 ಅಥವಾ 38 ಮಿ.ಮೀ. ಕೂದಲೆಳೆಯಂಥ ಬಿರುಕು ಹುಟ್ಟಿದಾಗ ಅದರ ಎರಡೂ ದಡಗಳನ್ನು ಹಿಡಿದು, ಅಗಲವಾಗದಂತೆ ತಡೆಯುವುದು ಅರಾಮಿಡ್ ಎಳೆಯ ಕೆಲಸ. ಅದಕ್ಕೆ ಪ್ರತಿ ಎಳೆಯೂ ಬಿಡಿಯಾಗಿ ಬಿಟುಮೆನ್‌ನಲ್ಲಿ, ಅಂದರೆ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟಿನಲ್ಲಿ, ಹುದುಗಿರಬೇಕು. ಉಂಡೆಗಟ್ಟಿದರೆ ಒಳಗಿನ ಎಳೆಗಳಿಗೆ ಬಿಟುಮೆನ್ ತಾಗುವುದೇ ಇಲ್ಲ. ಜಲ್ಲಿಯ ನಡುವೆ ಹತ್ತಿ ತುರುಕಿದಂತೆ ಒಂದು ಪೊಳ್ಳು ಉಳಿಯುತ್ತದೆ, ನೀರು ಅಲ್ಲಿಗೇ ಇಳಿಯುತ್ತದೆ. ಉಳಿದ ಕಡೆ ನಾರಿಗೇ ಬರ. ಡೋಸ್ ಏರಿಸಿದರೆ ಉಂಡೆಗಳೇ ಹೆಚ್ಚುತ್ತವೆ, ಮಿಶ್ರಣ ಬಿರುಸಾಗಿ ರೋಲರ್‌ಗೆ ಬಗ್ಗುವುದಿಲ್ಲ. ರೋಲರ್ ಓಡಿದ ಮೇಲೂ ಪದರದೊಳಗೆ ಉಳಿಯುವ ಗಾಳಿಯ ಜಾಗ ಶೇ. 8 ದಾಟಿತೆಂದರೆ ಯಾವ ನಾರೂ ಆ ರಸ್ತೆಯನ್ನು ಕಾಯದು.

ಡಾಂಬರು ಮಿಶ್ರಣವನ್ನು ಕಂತು ಕಂತಾಗಿ ತಯಾರಿಸುವ ಬ್ಯಾಚ್ ಪ್ಲಾಂಟ್‌ನಲ್ಲಿ ನಾರನ್ನು ಬಿಸಿ ಜಲ್ಲಿಯ ಜೊತೆಗೇ ಪಗ್‌ಮಿಲ್‌ಗೆ (ಮಿಶ್ರಣ ಕಲಸುವ ತೊಟ್ಟಿಗೆ) ಬಿಡಬೇಕು. ಎರಡು ಟನ್ ಬ್ಯಾಚಾದರೆ ಒಂದು ಕೆ.ಜಿ., ಮೊದಲೇ ತೂಗಿಟ್ಟದ್ದು, ಒಣಗಿದ್ದು. ಬಿಟುಮೆನ್ ಬೀಳುವ ಮೊದಲು ಹತ್ತು ಸೆಕೆಂಡಾದರೂ ಒಣ ಮಿಶ್ರಣ ನಡೆಯಲಿ. ಜಲ್ಲಿಯ ಉಜ್ಜಾಟವೇ ಎಳೆಗಳನ್ನು ಬಿಡಿಸುತ್ತದೆ. ಬಿಟುಮೆನ್ ಬಿದ್ದ ಮೇಲೆ ಹಾಕಿದ ನಾರು ಅಂಟಿಕೊಂಡು ಮುದ್ದೆಯಾಗುತ್ತದೆ. ಉತ್ಪಾದನೆ ಹೆಚ್ಚಿಸುವ ಆತುರದಲ್ಲಿ ಆಪರೇಟರ್ ಕತ್ತರಿಸುವುದು ಈ ಹತ್ತು ಸೆಕೆಂಡನ್ನೇ. ತಿರುಗುವ ಡ್ರಮ್ಮಿನಲ್ಲಿ ನಿಲ್ಲದೆ ಮಿಶ್ರಣ ಮಾಡುವ ಡ್ರಮ್ ಪ್ಲಾಂಟ್‌ನಲ್ಲಿ ಬರ್ನರ್ ಜ್ವಾಲೆಯಿಂದ ದೂರ, ಹಳೆ ಡಾಂಬರು ಸೇರಿಸುವ ಬಾಯಿಯಲ್ಲಿ, ಉತ್ಪಾದನೆಯ ವೇಗಕ್ಕೆ ಹೊಂದಿಸಿದ ಯಂತ್ರದಿಂದ ಊದಬೇಕು. ಗಂಟೆಗೊಂದು ಚೀಲ ಎಂಬ ಲೆಕ್ಕ ನಡೆಯದು.

ನಾರು ಯಾವುದೆಂಬುದನ್ನೂ ನೋಡಿ. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಜಲ್ಲಿ ಅದಕ್ಕಿಂತ ಬಿಸಿಯಿದ್ದರೆ ಅದು ನಾರಾಗಿ ಉಳಿಯುವುದಿಲ್ಲ. ಬೆರಕೆಯಲ್ಲಿ ಅದನ್ನು ಸೇರಿಸುವುದು ಅರಾಮಿಡ್ ಹರಡಲು ನೆರವಾಗಲೆಂದು. ಪಾಲಿಯೆಸ್ಟರ್ 250 ಡಿಗ್ರಿಯವರೆಗೆ ತಡೆಯುತ್ತದೆ, ಆದರೆ ಅದರ ಡೋಸ್ ಹೆಚ್ಚು, ಬಿಟುಮೆನ್ ಹೀರುವುದೂ ಹೆಚ್ಚು. ಹಾಗಾಗಿ ಮಿಕ್ಸ್ ಡಿಸೈನ್ (ಜಲ್ಲಿ, ಬಿಟುಮೆನ್ ಪ್ರಮಾಣದ ಲೆಕ್ಕ) ಮತ್ತೆ ಮಾಡಿಸಲೇಬೇಕು. ತಯಾರಕರ ಸೂಚನೆ ಉತ್ಪನ್ನದಿಂದ ಉತ್ಪನ್ನಕ್ಕೆ ಬೇರೆ. ನನ್ನ ಅಂಕಿಗಳಿಗಿಂತ ಅದಕ್ಕೇ ಮೊದಲ ಮಾನ್ಯತೆ ಕೊಡಿ.

ತಳಪಾಯ ಕುಸಿಯುತ್ತಿದ್ದರೆ, ಚರಂಡಿ ಕಟ್ಟಿಕೊಂಡು ನೀರು ಹರಿಯದಿದ್ದರೆ ಈ ಖರ್ಚು ವ್ಯರ್ಥ. ಹಳೆಯ ಕಾಂಕ್ರೀಟ್ ರಸ್ತೆಯ ಕೀಲುಗಳ ಮೇಲೆ ಹಾಸಿದ ಪದರದಲ್ಲೂ ಬಿರುಕು ತಡವಾಗಿ ಬರುತ್ತದೆಯೇ ಹೊರತು ಬರದೇ ಇರುವುದಿಲ್ಲ.

ಪರೀಕ್ಷೆ ಮಾತ್ರ ಸುಲಭ. ಟಿಪ್ಪರ್ ಹೊರಡುವ ಮುನ್ನ ಒಂದು ಸಲಿಕೆ ಮಿಶ್ರಣವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ. ಅರಾಮಿಡ್‌ನ ಬಣ್ಣ ಹಳದಿ. ಕಪ್ಪಿನ ನಡುವೆ ಹಳದಿ ತುಪ್ಪುಳ ಕಂಡರೆ ಆ ಲೋಡ್ ನಿಲ್ಲಿಸಿ. ಅನುಮಾನ ಉಳಿದರೆ ಲ್ಯಾಬ್‌ನಲ್ಲಿ ದ್ರಾವಕದಿಂದ ಬಿಟುಮೆನ್ ತೊಳೆಸಿ: ಎರಡು ಕೆ.ಜಿ. ಮಾದರಿಗೆ ಹಾಕಿದ್ದು ಸುಮಾರು ಒಂದು ಗ್ರಾಂ ಬೆರಕೆ ನಾರು, ಅದರಲ್ಲಿನ ಅರಾಮಿಡ್ ಪಾಲು ಕರಗದೆ ಸಿಗಬೇಕು. ಸಿಕ್ಕ ಅರಾಮಿಡ್‌ನಲ್ಲಿ ಬಿಡಿ ಎಳೆಗಳೆಷ್ಟು, ಬಿಚ್ಚದ ಕಟ್ಟುಗಳೆಷ್ಟು ಎಂದು ಬೇರ್ಪಡಿಸಿ ತೂಗಿಸಿ, ಎರಡೂ ಅಂಕಿಗಳನ್ನು ವರದಿಯಲ್ಲಿ ಬರೆಸಿಕೊಳ್ಳಿ.